ನೂಲು ಸುತ್ತಿದ ತಂತಿ

ಕರೆಂಟಿನವನು ಮೀಟರಿನ ಗಾಜಿಗೆ ಮೂಗು ತಾಗಿಸಿ ನೋಡಿದ, ಬರೆದುಕೊಂಡ, ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದ. ಆಮೇಲೆ ಪಡಸಾಲೆಯಲ್ಲಿ ಕುಳಿತಿದ್ದ ನಮ್ಮ ಮಾವನ ಕಡೆ ತಿರುಗಿ, "ಏನ್ರಿ ಯಜಮಾನ್ರ, ಒಳಗ ಪಾವರ್‌ಲೂಮ್ ಹಾಕೀರೇನು?" ಎಂದು ನಕ್ಕ. ಬೆಟಗೇರಿಯ ನೇಕಾರ ಓಣಿಯಲ್ಲಿ ಕೈಮಗ್ಗದ ಮನೆಯವರನ್ನು ಇದಕ್ಕಿಂತ ಕೆಟ್ಟದಾಗಿ ಚೇಷ್ಟೆ ಮಾಡಲು ಸಾಧ್ಯವಿರಲಿಲ್ಲ. ಮಾವ ನಗಲಿಲ್ಲ. ಒಳಗೆ ಮಗ್ಗದ ಕೋಣೆಯ ಹೊಸ್ತಿಲಲ್ಲಿ ರಾಟೆ ಹಿಡಿದು ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ಸುತ್ತುತ್ತಿದ್ದ ನಾನು ಕೈ ನಿಲ್ಲಿಸಿ ಕೇಳಿಸಿಕೊಂಡೆ.

ವಾರದೊಳಗೆ ಬಿಲ್ಲು ಬಂತು. ಹಿಂದಿನ ತಿಂಗಳ ನಾಲ್ಕು ಪಟ್ಟು. ನಮ್ಮ ಅತ್ತೆಗೆ ಓದು ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮಾವನ ಮುಖ ನೋಡಿದರು, ಸರಕ್ಕನೆ ತಿರುಗಿ ನನ್ನ ಮುಖ ನೋಡಿದರು. ಆ ಮನೆಗೆ ಆ ವರ್ಷ ಹೊಸದಾಗಿ ಬಂದದ್ದು ಎರಡೇ. ಒಂದು ನಾನು, ಇನ್ನೊಂದು ನನ್ನ ಕೋಣೆಯ ಬಲ್ಬು. ಎರಡರಲ್ಲಿ ಯಾವುದನ್ನು ಹಿಡಿದು ಕೇಳಿದರೂ ನಾನೇ ಉತ್ತರ ಕೊಡಬೇಕಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಲಕ್ಷ್ಮೇಶ್ವರದ ಹುಡುಗಿ. ಅಪ್ಪ ಅಲ್ಲಿ ಬಜಾರಿನಲ್ಲಿ ಬಟ್ಟೆ ಹೊಲಿಯುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ಗಣಿತ ಒಂದು ಕೈಕೊಟ್ಟಿತ್ತು. ಅದೊಂದನ್ನು ಬರೆದು ಪಾಸಾದರೆ ಹುಲಕೋಟಿಯಲ್ಲಿ ಬಾಲವಾಡಿ ಶಿಕ್ಷಕಿಯರ ತರಬೇತಿಗೆ ಸೇರಬಹುದು, ಗದಗಿನ ಕಡೆ ಇದ್ದರೆ ಬಸ್ಸಿನಲ್ಲಿ ದಿನಾ ಹೋಗಿಬಂದು ಮಾಡಬಹುದು ಅಂತ ನಮ್ಮ ಶಾಲೆಯಲ್ಲಿ ಕಲಿಸುವ ಅಕ್ಕೋರು ತಲೆಯಲ್ಲಿ ಹುಳ ಬಿಟ್ಟಿದ್ದರು. ಹುಳ ಒಳಗೆ ಹೊಕ್ಕಮೇಲೆ ಹೊರಗೆ ಬರಲಿಲ್ಲ. ಕನ್ಯೆ ನೋಡಲು ಬಂದವರ ಮುಂದೆ ಅಪ್ಪ ಇದನ್ನೇ ಎತ್ತಿದ, ಹುಡುಗಿ ಅಕ್ಟೋಬರ್ ಪರೀಕ್ಷೆ ಬರೆಯಬೇಕಂತಾಳೆ ಎಂದ. ಆಗ ಮಾತಾಡಿದವರು ಇದೇ ಮಾವ.

"ಬರೀಲಿ. ಪಾಸಾದ್ರ ಹುಲಕೋಟಿಗೆ ನಾನ ಕಳಸ್ತೇನಿ. ಇದು ನನ್ನ ಮಾತು."

ಬಾಗಿಲ ಹಿಂದೆ ನಿಂತು ಕೇಳಿದ ನಾನು ಗಂಡಿನ ಮುಖವನ್ನೂ ಸರಿಯಾಗಿ ನೋಡದೆ ಹೂಂ ಅಂದುಬಿಟ್ಟೆ. ಖರೆ ಹೇಳಬೇಕೆಂದರೆ ನಾನು ಒಪ್ಪಿದ್ದು ಮಾವನನ್ನು.

ಬೆಟಗೇರಿಯ ಮನೆ ರೈಲು ಡಬ್ಬಿಯ ಹಾಗೆ ಉದ್ದ. ಮುಂದೆ ಪಡಸಾಲೆ, ನಡುವೆ ಮಗ್ಗದ ಕೋಣೆ, ಅದನ್ನು ದಾಟಿದರೆ ಅಡುಗೆಮನೆ, ಅದರ ಪಕ್ಕದಲ್ಲಿ ನನ್ನ ಪುಟ್ಟ ಕೋಣೆ. ಪಡಸಾಲೆಯಲ್ಲಿ ಒಂದು ಬಲ್ಬು, ಮಗ್ಗದ ಮೇಲೆ ಒಂದು. ಹಿಂದಿನ ಭಾಗಕ್ಕೆ ಕರೆಂಟೇ ಇರಲಿಲ್ಲ, ಚಿಮಣಿ ದೀಪ. ನಾನು ಬರುವ ಮೊದಲೇ ಮಾವ ಗದಗಿಗೆ ಹೋಗಿ ತಂತಿ ತಂದು, ಮಗ್ಗದ ಹಿಂದಿನ ಗೋಡೆಗುಂಟ ಕಟ್ಟಿಗೆಯ ಪಟ್ಟಿ ಹೊಡೆದು, ತಾವೇ ನನ್ನ ಕೋಣೆಗೆ ಲೈನು ಎಳೆದಿದ್ದರು. ತಂತಿ ಸಾಲದೆ ಬಂದಾಗ ಇನ್ನೊಂದು ತುಂಡು ಕೂಡಿಸಿದರು. ಅದಕ್ಕೆ ಸುತ್ತಲು ಅಂಗಡಿಯವನು ಕರಿ ಟೇಪು ಕೊಟ್ಟಿದ್ದನಂತೆ. ಮಾವನಿಗೆ ಅದರ ಅಂದ ಹಿಡಿಸಲಿಲ್ಲ. ಹರಿದ ಎಳೆಯನ್ನು ಗಂಟು ಕಾಣದಂತೆ ಕೂಡಿಸುವ ಕೈ ಅದು. ತಂತಿಯ ತುದಿಗಳನ್ನು ಹೊಸೆದು, ಮೇಲೆ ಹತ್ತಿಯ ನೂಲನ್ನು ಒತ್ತಾಗಿ ಸುತ್ತಿ, ನೂಲಿಗೆ ಹಚ್ಚುವ ಗಂಜಿಯನ್ನೇ ಹಚ್ಚಿ ಒಣಗಿಸಿದ್ದರು. ಬೆರಳಾಡಿಸಿದರೆ ಗಂಟು ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಓಣಿಯ ಹಿರಿಯರನ್ನೆಲ್ಲ ಕರೆದು ತೋರಿಸಿ, ಟೇಪು ಇವತ್ತಲ್ಲ ನಾಳೆ ಬಿಚ್ಚುತ್ತದೆ, ಇದು ಬಿಚ್ಚಲಿ ನೋಡೋಣ ಎಂದಿದ್ದರಂತೆ.

ಆ ಬಲ್ಬು ನನಗಾಗಿ ಬಂದದ್ದು ಅಂತ ಗೊತ್ತಾದಾಗ ನನಗೆ ಅಳು ಬಂತು. ಆದರೆ ಅದನ್ನು ಅವರಿಗೆ ಹೇಳುವ ಹಾಗಿರಲಿಲ್ಲ. ನಮ್ಮಲ್ಲಿ ಸೊಸೆ ಮಾವನ ಎದುರಿಗೆ ನಿಂತು ಮಾತಾಡುವುದಿಲ್ಲ. ಅವರು ಪಡಸಾಲೆಯಲ್ಲಿದ್ದರೆ ನಾನು ಅಲ್ಲಿ ಕೂಡುವುದಿಲ್ಲ. ಏನೇ ಹೇಳಬೇಕಿದ್ದರೂ ಅತ್ತೆಯ ಬಾಯಿಂದ ಹೇಳಿಸಬೇಕು, ಇಲ್ಲವೆ ಗಂಡನ ಬಾಯಿಂದ. ನಮ್ಮವರು ಮುಂಡರಗಿಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬಂದು ಉಂಡು ಮಲಗಿ ಹೋಗುವವರು. ಹಾಗಾಗಿ ನನ್ನ ಬಾಯಿ ಅಂದರೆ ಅತ್ತೆಯ ಬಾಯಿ. ನನ್ನ ಮಾತು ಆ ಬಾಯಿಂದ ಹೊರಬರುವಾಗ ಹೇಗಿರುತ್ತಿತ್ತು ಅಂತ ಅತ್ತೆಗೂ ಆ ದೇವರಿಗೂ ಗೊತ್ತು.

ಹಗಲೆಲ್ಲ ಕಂಡಿಕೆ, ಅಡುಗೆ, ನೀರು. ಸಂಜೆ ಪಾತ್ರೆ ತೊಳೆದಿಟ್ಟು ಕೋಣೆಗೆ ಹೋಗಿ ಆ ಬಲ್ಬಿನ ಕೆಳಗೆ ಗಣಿತ ಹಿಡಿದು ಕುಳಿತರೆ ನಾನು ಮತ್ತೆ ಮನುಷ್ಯಳಾಗುತ್ತಿದ್ದೆ. ಅದಷ್ಟು ಹೊತ್ತೇ ನನ್ನದು.

ಯುಗಾದಿ ಮುಗಿದದ್ದೇ ತಡ, ಆ ಸಲ ಬಿಸಿಗಾಳಿ ಬಿಟ್ಟಿತು. ಬಿಸಿಲಿಗೆ ನೂಲು ಒಣಗಿ ಪಟಪಟ ಹರಿಯುತ್ತದೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಮನೆಗಳಲ್ಲಿ ಅದಕ್ಕೊಂದು ರೂಢಿ. ಮಗ್ಗದ ಕೋಣೆಯ ನೆಲಕ್ಕೂ ಮಣ್ಣಿನ ಗೋಡೆಗೂ ನೀರು ಉಗ್ಗಿ ತಂಪು ಇಡಬೇಕು. ಆ ಕೆಲಸ ಹೊಸ ಸೊಸೆಯದು. ಬೆಟಗೇರಿಯಲ್ಲಿ ಕುಡಿಯುವ ನೀರಿಗೇ ಪರದಾಟ, ಇನ್ನು ಗೋಡೆಗೆ ಎಲ್ಲಿಂದ ತರುವುದು? ಓಣಿಯ ಕೊನೆಯ ಬಾವಿಯ ಸವಳು ನೀರನ್ನು ಹೊತ್ತು ತರುತ್ತಿದ್ದೆ. ಅದೂ ಸಾಲದಿದ್ದರೆ ಬಚ್ಚಲಿನ ನೀರು, ಬಟ್ಟೆ ಒಗೆದ ನೀರು. ಗಾಳಿ ಜೋರಾದಷ್ಟೂ ಅತ್ತೆ ಇನ್ನಷ್ಟು ಉಗ್ಗು, ಇನ್ನಷ್ಟು ಉಗ್ಗು ಎನ್ನುವರು. ಬೆಳಿಗ್ಗೆ ಒಮ್ಮೆ ಇದ್ದದ್ದು ಮಧ್ಯಾಹ್ನಕ್ಕೂ ಬಂತು, ಇಳಿಹೊತ್ತಿಗೂ ಬಂತು. ನಾನು ಉಗ್ಗಿದೆ. ಗೋಡೆ ಕುಡಿಯಿತು.

ಬಿಲ್ಲು ಬಂದದ್ದು ಆಗ.

ಮೊದಲು ಸಿಕ್ಕಿಬಿದ್ದದ್ದು ನನ್ನ ಇಸ್ತ್ರಿ ಪೆಟ್ಟಿಗೆ. ಅಪ್ಪ ಮದುವೆಗೆ ಕೊಟ್ಟ ಕರೆಂಟಿನ ಇಸ್ತ್ರಿ. ಟೇಲರನ ಮಗಳು ಅಂತ ಆಸೆಯಿಂದ ಕೊಟ್ಟಿದ್ದ. ಆ ಮನೆಯಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇರಲಿಲ್ಲ, ಬಂದ ದಿನದಿಂದ ಟ್ರಂಕಿನಲ್ಲಿ ಸೀರೆಯ ಕೆಳಗೆ ಮಲಗಿತ್ತು. ಅತ್ತೆ ನನ್ನ ಟ್ರಂಕು ತೆಗೆಸಿ, ಒಂದೊಂದೇ ಸೀರೆ ಎತ್ತಿ ಕೆಳಗಿಟ್ಟು, ಇಸ್ತ್ರಿಯನ್ನು ಸತ್ತ ಇಲಿಯ ಹಾಗೆ ವಾಯರು ಹಿಡಿದು ಎತ್ತಿದರು. ಇದನ್ನು ಯಾವಾಗ ಹಚ್ಚುತ್ತಿ ಎಂದು ಕೇಳಿದರು. ಹಚ್ಚಿಲ್ಲ ಎಂದೆ. ಹಚ್ಚದಿದ್ದರೆ ಯಾಕೆ ಇಟ್ಟಿದ್ದಿ ಎಂದರು. ಇಂಥ ಪ್ರಶ್ನೆಗೆ ಯಾವ ಮಹಾತಾಯಿ ಉತ್ತರ ಕೊಟ್ಟಾಳು? ಇಸ್ತ್ರಿ ಜೋಳದ ಡಬ್ಬದೊಳಗೆ ಹೋಯಿತು, ಡಬ್ಬಕ್ಕೆ ಬೀಗ ಬಿತ್ತು.

ಮುಂದಿನ ಬಿಲ್ಲು ಇನ್ನೂ ದೊಡ್ಡದು ಬಂತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಈಗಲಾದರೂ ನನ್ನದಲ್ಲ ಅಂತ ತಿಳಿಯಿತಲ್ಲ ಅಂದುಕೊಂಡೆ. ತಿಳಿಯಲಿಲ್ಲ. ಇಸ್ತ್ರಿ ಅಲ್ಲ ಅಂದಮೇಲೆ ಬಲ್ಬೇ ಇರಬೇಕು, ಈಕೆ ಓದಿ ಓದಿ ಉರಿಸುತ್ತಾಳೆ ಅಂತ ಆಯಿತು. ಮಗ್ಗದ ಮೇಲೆ ಅದೇ ಅಳತೆಯ ಬಲ್ಬು ದಿನವಿಡೀ ಉರಿಯುತ್ತಿತ್ತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಅತ್ತೆ ಸ್ಟೂಲು ಹಾಕಿ ಹತ್ತಿ ನನ್ನ ಬಲ್ಬು ಬಿಚ್ಚಿ ತಲೆದಿಂಬಿನ ಹತ್ತಿರ ಇಟ್ಟುಕೊಂಡರು. ಚಿಮಣಿ ಹಚ್ಚೋಣವೆಂದರೆ ರೇಷನ್ನಿನ ಎಣ್ಣೆ ಸ್ಟೋವಿಗೇ ಸಾಲುತ್ತಿರಲಿಲ್ಲ, ಅದೂ ಅತ್ತೆಯ ಕೈಯಲ್ಲೇ. ಕತ್ತಲಲ್ಲಿ ಗೋಡೆಗೆ ಒರಗಿ ಬಾಯಿಪಾಠದ ಸೂತ್ರಗಳನ್ನು ಹೇಳಿಕೊಳ್ಳುತ್ತ ಕೂಡುತ್ತಿದ್ದೆ. ಲೆಕ್ಕ ಬಿಡಿಸದೆ ಸೂತ್ರ ಹೇಳಿದರೆ ಏನು ಬಂತು? ಮೈಯೆಲ್ಲ ಉರಿಯುತ್ತಿತ್ತು.

ಮಾವ ಗದಗಿನ ಕರೆಂಟ್ ಆಫೀಸಿಗೆ ಹೋದರು. ಸಂಜೆ ಬಂದಾಗ ಮುಖ ಸಣ್ಣದಾಗಿತ್ತು. ಮೊದಲು ಬಿಲ್ಲು ತುಂಬಿರಿ, ಆಮೇಲೆ ತಕರಾರು ಬರೆದುಕೊಡಿರಿ ಅಂದರಂತೆ. ಮೀಟರು ಚೆನ್ನಾಗಿಯೇ ಇದೆ, ನಿಮ್ಮ ಮನೆಯಲ್ಲೇ ಯಾರೋ ಕದ್ದು ಉರಿಸುತ್ತಿದ್ದಾರೆ, ಹೋಗಿ ಅವರನ್ನು ಹಿಡಿಯಿರಿ ಅಂದರಂತೆ. ಅಷ್ಟು ಜನರ ಮುಂದೆ. ಇದನ್ನು ಅವರು ಅತ್ತೆಗೆ ಹೇಳುತ್ತಿರುವಾಗ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಅತ್ತೆ ಜೋರಾಗಿ, "ಕೇಳಿದೇನು?" ಎಂದರು. ಮಾವನಿಗೆ ಹೇಳಿದ್ದಲ್ಲ ಅದು.

ಆ ವಾರ ನಮ್ಮವರು ಮುಂಡರಗಿಯಿಂದ ಬಂದಾಗ ಒಂದು ಪರೀಕ್ಷೆ ನಡೆಯಿತು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಎಲ್ಲರೂ ಮೀಟರಿನ ಕೆಳಗೆ ನಿಂತು ಕತ್ತು ಎತ್ತಿದರು. ಗಾಜಿನೊಳಗಿನ ತಗಡಿನ ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಅದರ ಅಂಚಿನ ಕೆಂಪು ಗುರುತು ಬರುವುದು, ಹೋಗುವುದು, ಮತ್ತೆ ಬರುವುದು. ನನಗೆ ಎದೆ ಹಗುರಾಯಿತು. ಯಾವ ದೀಪವೂ ಉರಿಯದೆ ಚಕ್ರ ತಿರುಗುತ್ತದೆ ಅಂದಮೇಲೆ ನನ್ನ ತಪ್ಪು ಎಲ್ಲಿ ಬಂತು? ಅತ್ತೆ ನನ್ನ ಕಡೆ ತಿರುಗಿ, "ಇನ್ನೂ ಏನೋ ಎಲ್ಲೋ ಹಚ್ಚಿಟ್ಟಾಳ. ಹುಡುಕಬೇಕು" ಎಂದರು. ನಮ್ಮವರು ಕೆಳಗೆ ನೋಡುತ್ತ ನಿಂತರು. ಅವತ್ತು ನನ್ನ ಹಾಸಿಗೆಯನ್ನೂ ಝಾಡಿಸಿ ನೋಡಿದರು.

ಬೀಗ ಹಾಕಿ ಕೂಡಿಹಾಕಿದರೆ ಬಾಗಿಲನ್ನಾದರೂ ಬಡಿಯಬಹುದು. ನನಗೆ ಬಡಿಯಲು ಬಾಗಿಲೂ ಇರಲಿಲ್ಲ. ಎಲ್ಲ ತೆರೆದೇ ಇತ್ತು, ಹೋಗಲು ಜಾಗವಿರಲಿಲ್ಲ. ತವರಿಗೆ ಬರೆಯೋಣವೆಂದರೆ ಅಪ್ಪ ಇಸ್ತ್ರಿ ಕೊಟ್ಟದ್ದಕ್ಕೆ ತಲೆಯ ಮೇಲೆ ಕೈ ಹೊತ್ತು ಕೂಡುತ್ತಾನೆ.

ಅದಾದ ಮೇಲೆ ಒಂದು ದಿನ ಮಗ್ಗದ ಹಿಂದಿನ ಗೋಡೆಯ ಬುಡ ಗುಡಿಸಲು ಹೋದೆ. ಕೈ ಒದ್ದೆಯಿತ್ತು. ಗೋಡೆಗೆ ಕೈ ಊರಿದರೆ ಮೊಳಕೈವರೆಗೆ ಜುಮ್ ಅಂತು. ಮತ್ತೆ ಮುಟ್ಟಿದೆ, ಮತ್ತೆ ಜುಮ್. ತಲೆ ಎತ್ತಿ ನೋಡಿದರೆ ಮೇಲೆ ಮಾವನ ಗಂಟು. ನೂಲು ನೆನೆದು ದಪ್ಪಗಾಗಿ, ಅದರಿಂದ ಗೋಡೆಗುಂಟ ನೀರಿನ ಗೆರೆ ಇಳಿದಿತ್ತು. ನನ್ನ ಕೋಣೆಯ ಸ್ವಿಚ್ಚು ಇದ್ದದ್ದು ನನ್ನ ಕೋಣೆಯಲ್ಲೇ, ಬಲ್ಬು ಬಿಚ್ಚಿದರೂ ಆರಿಸಿದರೂ ಅಲ್ಲಿಯವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಗಣಿತದಲ್ಲಿ ಫೇಲಾದವಳಾದರೂ ಇಷ್ಟು ಕೂಡಿಸಿ ಕಳೆಯಲು ಬಂತು. ಹಗಲೂ ರಾತ್ರಿ ಆ ಗೋಡೆ ಕರೆಂಟು ಕುಡಿಯುತ್ತಿತ್ತು.

ಓಡಿಹೋಗಿ ಅತ್ತೆಗೆ ಹೇಳಿದೆ. ಅವರ ಕೈಯಲ್ಲಿ ಹಿಟ್ಟು. ಅಲ್ಲಿಂದಲೇ, ಕೊಡ ಹೊತ್ತು ಹೊತ್ತು ಕೈ ಜೋಮು ಹಿಡಿದಿರುತ್ತದೆ ಎಂದರು. ಗಂಟಿನ ಸುದ್ದಿ ತೆಗೆದೆ. ಅದನ್ನು ತೆಗೆಯಬಾರದಿತ್ತು. ಅವರು ಕಟ್ಟಿದ ಗಂಟಿನಲ್ಲಿ ತಪ್ಪು ಹುಡುಕುವಷ್ಟು ದೊಡ್ಡವಳಾದೆಯಾ, ನಿನಗೆ ಬಲ್ಬು ಬೇಕು ಅದಕ್ಕೆ ಈ ನೆವ ಎಂದರು. ಗೋಡೆ ಮುಟ್ಟಿ ನೋಡಿರಿ ಎಂದೆ. ಮುಟ್ಟಲಿಲ್ಲ. ಮಾವನಿಗೆ ಹೇಳಿರಿ ಎಂದೆ. ಹೇಳಲಿಲ್ಲ. ನಮ್ಮವರು ಬಂದಾಗ ಅವರಿಗೆ ಹೇಳಿದೆ. ಅವರು ಕಾಲಿನ ಉಗುರು ನೋಡಿಕೊಂಡು, "ಅಪ್ಪನ ಗಂಟು ಕೆಟ್ಟೈತಿ ಅಂತ ನಾ ಹೆಂಗ ಹೇಳ್ಲಿ?" ಎಂದರು. ಬೆಳಿಗ್ಗೆ ಎದ್ದು ಮುಂಡರಗಿ ಬಸ್ಸು ಹತ್ತಿದರು. ಮನುಷ್ಯ ಇಷ್ಟು ಮೆತ್ತಗೆ ಇರಬಹುದು ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ನನಗೆ ಇನ್ನೂ ಒಂದು ಸಂಕಟ ಇತ್ತು. ಯಾರಾದರೂ ಕೊನೆಗೆ ಕೇಳಿದರೂ ಏನಾಗುತ್ತದೆ? ನೀರು ನಿಲ್ಲಿಸಲು ಬರುವುದಿಲ್ಲ, ನೀರು ನಿಂತರೆ ನೂಲು ಹರಿದು ಮಗ್ಗದ ಮೇಲಿನ ಸೀರೆ ನಿಲ್ಲುತ್ತದೆ. ತಂತಿಯನ್ನೇ ತೆಗೆಯುತ್ತಾರೆ. ತಂತಿ ಹೋದರೆ ನನ್ನ ದೀಪ ಹೋಯಿತು. ಸುಮ್ಮನಿದ್ದರೆ ಕಳ್ಳಿ ಅನ್ನಿಸಿಕೊಳ್ಳುತ್ತೇನೆ, ಹೇಳಿದರೆ ಕತ್ತಲೆಯಲ್ಲಿ ಕೂಡುತ್ತೇನೆ. ಬೆಳಿಗ್ಗೆ ಎದ್ದು ಮತ್ತೆ ಅದೇ ಗೋಡೆಗೆ ನೀರು ಉಗ್ಗುತ್ತಿದ್ದೆ. ಗಂಟಿಗೆ ಬೀಳದಂತೆ ಕೆಳಗೆ ಉಗ್ಗಿದರೆ ಅತ್ತೆ ಬಂದು ನಿಂತು ಮೇಲೆ ತೋರಿಸುವರು.

ಅದೊಂದು ಮಧ್ಯಾಹ್ನ. ಮಾವ ಮಗ್ಗದ ಉದ್ದಕ್ಕೆ ಎಳೆದ ಹಾಸಿನ ನೂಲಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದರು. ಲಾಳಿ ಜಾರಿ ಮಗ್ಗದ ಹಿಂದೆ ಬಿತ್ತು. ತೆಗೆಯಲು ಕುಣಿಯಿಂದ ಎದ್ದು, ಹಸಿ ನೆಲದಲ್ಲಿ ಬರಿಗಾಲಲ್ಲಿ ಹಿಂದೆ ಹೋದರು. ತಂತಿ ಎಳೆದ ಮೇಲೆ ಎಂದೂ ಹೋಗದ ಕಡೆ. ಬಗ್ಗುವಾಗ ಆಸರೆಗೆ ಅಂತ ನೀರು ತೊಟ್ಟಿಕ್ಕುವ ಕೈಯನ್ನು ಎತ್ತಿದ್ದು ಸರಿಯಾಗಿ ಆ ಗಂಟಿನ ಕಡೆಗೆ. ಹೊಸ್ತಿಲಲ್ಲಿದ್ದ ನಾನು ರಾಟೆ ಬಿಟ್ಟು ಎದ್ದೆ. ಅತ್ತೆ ಅಡುಗೆಮನೆಯಲ್ಲಿದ್ದರು. ನನ್ನ ಮಾತು ಹೊತ್ತು ಒಯ್ಯಲು ಯಾರೂ ಇರಲಿಲ್ಲ.

"ಮಾವಾರ, ಗ್ವಾಡಿ ಮುಟ್ಟಬ್ಯಾಡ್ರಿ. ಗ್ವಾಡ್ಯಾಗ ಕರೆಂಟ್ ಐತಿ."

ನಾನು ಅವರ ಜೊತೆ ಆಡಿದ ಮೊದಲ ಮಾತು ಇದು. ಕೈ ಅಲ್ಲೇ ನಿಂತಿತು. ಕರೆಂಟಿಗೆ ಹೆದರಿ ನಿಲ್ಲಲಿಲ್ಲ, ನನ್ನ ದನಿ ಕೇಳಿ ನಿಂತರು ಅಂತ ಈಗಲೂ ಅನಿಸುತ್ತದೆ. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಮಾವನ ಎದುರು ದನಿ ಎತ್ತುವಷ್ಟು ಆಯಿತಾ ಅಂತ ಶುರು ಮಾಡಿದರು. ಮಾವ ಅವರನ್ನು ಸುಮ್ಮನಿರಿಸಿದರು. ಕೈ ಒರೆಸಿಕೊಂಡು, ಬೆರಳಿನ ಹಿಂಬದಿಯನ್ನು ಗೋಡೆಗೆ ಅಷ್ಟೇ ಅಷ್ಟು ತಾಗಿಸಿ, ಥಟ್ಟನೆ ಹಿಂದೆ ಎಳೆದುಕೊಂಡರು. ಆಮೇಲೆ ಪಡಸಾಲೆಗೆ ಹೋಗಿ ಮೇನ್ ಸ್ವಿಚ್ಚು ಕೆಳಗೆ ಮಾಡಿದರು. ಮೀಟರಿನ ಚಕ್ರ ನಿಂತಿತು. ಅಷ್ಟು ದಿನ ಯಾರಿಗೂ ಹೊಳೆಯದ ಕೆಲಸ ಅದು, ನನಗೂ ಹೊಳೆದಿರಲಿಲ್ಲ.

ಸ್ಟೂಲು ಹಾಕಿ ಗಂಟನ್ನು ತಾವೇ ಬಿಚ್ಚಿದರು. ಒಂದೊಂದೇ ಸುತ್ತು ಹಸಿ ನೂಲು ಬಂತು, ಕೊನೆಯ ಸುತ್ತುಗಳು ಕಪ್ಪಾಗಿದ್ದವು, ಸುಟ್ಟ ಗಂಜಿಯ ವಾಸನೆ ಹೊಡೆಯಿತು. ಅಂಗೈಯಲ್ಲಿ ಹಿಡಿದು ನೋಡುತ್ತ ನಿಂತರು. ಅತ್ತೆ ನನ್ನ ಕಡೆ ನೋಡಲಿಲ್ಲ.

"ಸೊಸಿಗೆ ಇನ್ನ ಯಾರೂ ಏನೂ ಅನಬ್ಯಾಡ್ರಿ," ಎಂದರು ಮಾವ. "ಈ ಗಂಟು ನಾ ಕಟ್ಟಿದ್ದು."

ವಾಯರಮನ್ ಬಂದು ನೋಡಿ, ಪೈಪು ಹಾಕಿ ಅದರೊಳಗೆ ಹೊಸ ತಂತಿ ಎಳೆಯಬೇಕು, ಇಲ್ಲವೆ ನೀರು ಉಗ್ಗುವುದನ್ನು ಬಿಡಬೇಕು ಎಂದ. ಪೈಪಿನ ರೊಕ್ಕ ಬಿಲ್ಲಿಗೆ ಹೋಗಿತ್ತು. ಉರಿಸಿದ್ದೋ ಸೋರಿದ್ದೋ, ಮೀಟರಿನಲ್ಲಿ ಬಂದದ್ದನ್ನು ತುಂಬಲೇಬೇಕು ಅಂತ ಆಫೀಸಿನವರು ಬಿಟ್ಟಿರಲಿಲ್ಲ. ದಸರೆ ಆಗಲಿ ನೋಡೋಣ ಎಂದರು ಮಾವ. ನನ್ನ ಕೋಣೆಯ ತಂತಿಯನ್ನು ಕಿತ್ತು ಸುರುಳಿ ಸುತ್ತಿ ಗೂಟಕ್ಕೆ ಹಾಕಿದರು. ಹೇಳಿದ್ದೆನಲ್ಲ, ಹೀಗೇ ಆಗುತ್ತದೆ ಅಂತ. ನಾನು ಕಳ್ಳಿಯಲ್ಲ ಅಂತ ಗೊತ್ತಾಯಿತು, ನನ್ನ ದೀಪವೂ ಹೋಯಿತು. ಅತ್ತೆಯಾದರೂ ಪೂರ್ತಿ ಬಿಟ್ಟುಕೊಡುವವರಲ್ಲ. ಗಂಟು ಅವರದೇ ಇರಲಿ, ನೀರು ಉಗ್ಗಿದವಳು ಈಕೆಯೇ ತಾನೆ ಅಂತ ಬೀಗರ ಮುಂದೆಲ್ಲ ಎತ್ತಿ ಆಡಿದರು. ಉಗ್ಗಿಸಿದವರು ಯಾರು ಅಂತ ಕೇಳುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಸಂಜೆ ಮಗ್ಗ ಬಿಟ್ಟ ಕೂಡಲೇ ಅದರ ಮೇಲಿನ ಬಲ್ಬು ಆರಿಸುತ್ತಿದ್ದರು, ಇನ್ನು ದೀಪ ಉಳಿದದ್ದು ಪಡಸಾಲೆಯಲ್ಲಿ. ಅಲ್ಲಿ ಮಾವ. ಸಂಜೆ ಮಗ್ಗ ಬಿಟ್ಟು ಅಲ್ಲೇ ಗೋಡೆಗೆ ಒರಗಿ ಬೀಡಿ ಸೇದುತ್ತ ಕೂಡುವವರು. ಅವರಿದ್ದ ಕಡೆ ನಾನು ಕೂಡುವಂತಿಲ್ಲ. ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಮುಚ್ಚಿಬಿಟ್ಟೆ. ಹಾಳಾಗಿ ಹೋಗಲಿ ಅಂದುಕೊಂಡೆ.

ನಾಲ್ಕಾರು ದಿನ ಕಳೆದಿರಬೇಕು. ಪಡಸಾಲೆಯ ದೀಪ ಹಚ್ಚಿದ ಕೂಡಲೇ ಮಾವ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, ಹೊರಗೆ ಕಟ್ಟೆಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ಕುಳಿತರು. ಬಾಗಿಲನ್ನು ಅರ್ಧ ಎಳೆದುಕೊಂಡರು. ಅತ್ತೆ ಹೋಗಿ ಕೇಳಿದರೆ, ಒಳಗೆ ಸೆಕೆ ಅಂದರಂತೆ. ಮರುದಿನವೂ ಹಾಗೇ. ಮೂರನೆಯ ಸಂಜೆ ಹೊರಗಿನಿಂದಲೇ ಅತ್ತೆಗೆ ಕೇಳುವಂತೆ, "ದೀಪ ಸುಮ್ನ ಉರಿಯಾಕ ಹತ್ತೈತಿ. ಯಾರಾದ್ರೂ ಅದರ ಬುಡಕ ಕುಂಡರಬಾರದೇನು?" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಟ್ರಂಕು ತೆಗೆದೆ.

ಆಷಾಢದ ಗಾಳಿ ಬಂತು, ಶ್ರಾವಣದ ಜಿಟಿಜಿಟಿ ಬಂತು. ಮಾವನ ಸೆಕೆ ಹೋಗಲಿಲ್ಲ. ತಲೆಯ ಮೇಲೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಕಟ್ಟೆಯ ಮೂಲೆಯಲ್ಲಿ ಕುಳಿತು ಕೆಮ್ಮುತ್ತಿದ್ದರು. ಓಣಿಯವರು, ಏನು ಯಜಮಾನರೇ, ಮನೆಯಿಂದ ಹೊರಗೆ ಹಾಕಿದರೇನು ಅಂತ ಚೇಷ್ಟೆ ಮಾಡಿದರೆ ಹೂಂ ಅನ್ನುವರು. ಒಳಗೆ ನಾನು ಲೆಕ್ಕ ಬಿಡಿಸುವೆ, ಎದುರಿಗೆ ಅತ್ತೆ ಕಂಡಿಕೆ ಸುತ್ತುವರು. ನನ್ನ ಪಾಲಿನದನ್ನೂ ಅವರೇ ಸುತ್ತುತ್ತಿದ್ದರು, ಅದನ್ನೂ ಹೇಳಬೇಕು. ಸುತ್ತುತ್ತ ಗೊಣಗುತ್ತಿದ್ದರು, ಅದನ್ನೂ ಹೇಳಬೇಕು.

ಪಾಸಾದೆ. ಮಾವ ಬಜಾರಿಗೆ ಹೋಗಿ ಫೇಡೆ ತಂದು ಓಣಿಗೆಲ್ಲ ಹಂಚಿದರು.

ಆಗ ನಾನು ಬಸುರಿ. ಹುಲಕೋಟಿ ಮುಂದಿನ ವರ್ಷಕ್ಕೆ ಹೋಯಿತು. ಮುಂದಿನ ವರ್ಷ ಕೈಯಲ್ಲಿ ಕೂಸು. ಅದರ ಮುಂದಿನ ವರ್ಷ ಮುಂಡರಗಿಯ ಮಿಲ್ಲಿನಲ್ಲಿ ಕೆಲಸ ಹೋಗಿ ನಮ್ಮವರು ಮನೆಗೆ ಬಂದರು. ಎರಡನೆಯ ಮಗ್ಗ ಹೂಡಿದರು. ಎರಡು ಮಗ್ಗಕ್ಕೆ ಕಂಡಿಕೆ ಸುತ್ತುವವರು ಯಾರು ಅಂತ ಅತ್ತೆ ಕೇಳಿದರು. ನಮ್ಮವರು ನೋಡೋಣ ಎಂದರು. ನಾನು ಮಾವನ ಬಾಯಿ ನೋಡಿದೆ. ಅವರೊಂದು ಮಾತು ಅಂದಿದ್ದರೆ ಸಾಕಿತ್ತು, ಆ ಮನೆಯಲ್ಲಿ ಅವರ ಮಾತು ದಾಟುವವರಿರಲಿಲ್ಲ. ಅವರು ಅನ್ನಲಿಲ್ಲ. ಎರಡು ಮಗ್ಗದ ಲೆಕ್ಕ ಅವರಿಗೂ ಗೊತ್ತಿತ್ತು. ಅತ್ತೆಯ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ, ಆಕೆ ನನಗೆ ಏನೂ ಮಾತು ಕೊಟ್ಟಿರಲಿಲ್ಲ. ಮಾವನ ಮೇಲೆ ಉಳಿಯಿತು, ವರ್ಷಗಟ್ಟಲೆ ಉಳಿಯಿತು. ಅವರ ತಟ್ಟೆಗೆ ರೊಟ್ಟಿ ಹಾಕುವಾಗಲೂ ಇರುತ್ತಿತ್ತು.

ಎಂಬತ್ತರ ದಶಕದ ನಡುವಿಗೆ ಮನೆಗೆಲ್ಲ ಪೈಪಿನ ವಾಯರಿಂಗ್ ಆಯಿತು. ಪಡಸಾಲೆಗೆ ಟ್ಯೂಬ್‌ಲೈಟು ಬಂತು, ಹಿಂದಿನ ಕೋಣೆಗೆ ಬಲ್ಬು ಮರಳಿ ಬಂತು. ನನಗೆ ಓದುವುದು ಏನೂ ಉಳಿದಿರಲಿಲ್ಲ. ಅತ್ತೆ ತೀರಿಹೋಗಿದ್ದರು. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಕಂಡಿಕೆ ಸುತ್ತುವವಳು ನಾನೇ. ಮಾವನ ಕಣ್ಣು ಮಂದವಾಗಿ ಮಗ್ಗ ಬಿಟ್ಟಿದ್ದರು. ಆದರೂ ದೀಪ ಹಚ್ಚಿದ ಕೂಡಲೇ ಎದ್ದು ಕಂಬಳಿ ಹುಡುಕಿಕೊಂಡು ಕಟ್ಟೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ರೂಢಿ ಬಿದ್ದಿದೆ ಅಂತ ಎಲ್ಲರೂ ತಿಳಿದಿದ್ದೆವು.

ಒಂದು ಸಂಜೆ ಚಳಿ ಬಹಳ ಇತ್ತು. ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ನಮ್ಮವರು ಶಿರಹಟ್ಟಿಗೆ ಹೋಗಿದ್ದರು, ಹೇಳಿಸಲು ಯಾರೂ ಇರಲಿಲ್ಲ. ಬಾಗಿಲಿಗೆ ಹೋಗಿ ನಿಂತು ನಾನೇ ಕರೆದೆ.

"ಒಳಗ ಬರ್ರಿ ಮಾವಾರ. ಓದೂದು ಮುಗದು ಎಷ್ಟೋ ವರ್ಷ ಆತು."

ಅವರು ತಿರುಗಲಿಲ್ಲ. ಬೀದಿಯ ಕಡೆಗೇ ಮುಖ ಮಾಡಿ ಹೇಳಿದರು.

"ಗೊತ್ತೈತವ್ವ. ನಿಮ್ಮಪ್ಪನ ಮುಂದ ಮಾತು ಕೊಟ್ಟಾಂವ ನಾನು. ಆ ಬೆಳಕಿನ್ಯಾಗ ಕುಂತ್ರ ನಿನ್ನ ಮಾರಿ ನೋಡಬೇಕಾಕ್ಕತಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋಯಿತು ಅಂತಲೂ ಹೇಳಲಾರೆ. ಇಷ್ಟು ವರ್ಷ ನಾನೊಬ್ಬಳೇ ಸಿಕ್ಕಿಕೊಂಡಿದ್ದೇನೆ ಅಂದುಕೊಂಡಿದ್ದೆ. ಅವರು ಮತ್ತೆ ಕೆಮ್ಮಿದರು.

ಒಳಗೆ ಹೋಗಿ ಟ್ಯೂಬ್‌ಲೈಟು ಆರಿಸಿ, ರಾಟೆಯ ಹತ್ತಿರ ಕತ್ತಲಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಮಾವ ಗೋಡೆ ಹಿಡಿದುಕೊಂಡು ಒಳಗೆ ಬಂದರು.